ಗೆಣ್ಣು ದಾಟುವ ಉಂಗುರ

ಶಿವಮೊಗ್ಗ,
ಮಂಗಳವಾರ, 14-11-1961

ಗಿರಿಜೆಯ ತಂದೆಯವರಿಗೆ ದಾಕ್ಷಾಯಣಿಯ ಶರಣುಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ಅತ್ತೆಯವರ ಕೆಮ್ಮು ಇಳಿದಿದೆ, ದನಿ ಮಾತ್ರ ಇಳಿದಿಲ್ಲ. ಅದೂ ಇಳಿದರೆ ನನಗೇ ಗಾಬರಿಯಾದೀತು. ನಿಮ್ಮ ಆರೋಗ್ಯ ಹೇಗಿದೆ? ಕಾರ್ಗಲ್ಲಿನ ಚಳಿಗೆ ಕಂಬಳಿ ಸಾಲುತ್ತಿದೆಯೇ? ಅಣೆಕಟ್ಟಿನ ಯಂತ್ರಗಳ ರಿಪೇರಿ ಎಂದರೆ ದಿನವಿಡೀ ಏಣಿ ಹತ್ತಿ ಇಳಿಯುವ ಕೆಲಸವೆಂದು ನನಗೆ ಗೊತ್ತು. ಹೊಟ್ಟೆ ತುಂಬ ಉಣ್ಣಿ. ನಿಮ್ಮ ಕಾಗದ ಶುಕ್ರವಾರ ತಲುಪಿತು. "ಊಟ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಬೆರಳಿಗೇನೂ ಆಗಿಲ್ಲ" ಎಂದು ಬರೆದಿದ್ದೀರಿ. ಬೆರಳಿನ ವಿಚಾರ ನಾನು ಕೇಳಿರಲೇ ಇಲ್ಲವಲ್ಲ! ಕೇಳದ ಪ್ರಶ್ನೆಗೆ ಉತ್ತರ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅಕ್ಷರಗಳೂ ಒಂದರ ಮೇಲೊಂದು ಬಿದ್ದುಕೊಂಡಿವೆ. ಇರಲಿ, ಮೊದಲು ಉಂಗುರದ ಸುದ್ದಿ ಹೇಳುತ್ತೇನೆ.

ಮುಂದಿನ ತಿಂಗಳು ಗಿರಿಜೆಯ ನಿಶ್ಚಿತಾರ್ಥದ ದಿನ ಹಿರಿಯರೆದುರು ನೀವೇ ಅಳಿಯನಾಗುವ ಷಡಕ್ಷರಿಯ ಬೆರಳಿಗೆ ಉಂಗುರ ಹಾಕಬೇಕಷ್ಟೆ. ಅದಕ್ಕೆ ನೀವು ಅಲ್ಲಿಂದಲೇ ಅಪ್ಪಣೆ ಕೊಡಿಸಿದ್ದೀರಿ: "ಬಿಗಿಯಾಗಿಯೇ ಮಾಡಿಸು. ನಿಮ್ಮಪ್ಪ ನನಗೆ ಹಾಕಿದ್ದನ್ನು ನೋಡು, ಇಷ್ಟು ವರ್ಷವಾದರೂ ಬೆರಳು ಬಿಟ್ಟಿಲ್ಲ." ಅತ್ತೆಯವರದೂ ಇದೇ ಪಲ್ಲವಿ. ಒಮ್ಮೆ ಹಾಕಿದ ಮೇಲೆ ಬರಬಾರದು, ಬಂದರೆ ಅಪಶಕುನ ಎನ್ನುತ್ತಾರೆ. ತಾಯಿ ಮಗ ಇಬ್ಬರೂ ಒಂದೇ ಮಾತು ಆಡಿದರೆ ಅದು ಸರಿಯೆಂದು ಈ ಮನೆಯ ನಂಬಿಕೆ. ನಾನು ಮಾತ್ರ ಬೆರಳನ್ನು ನೋಡದೆ ಉಂಗುರ ಮಾಡಿಸುವವಳಲ್ಲ.

ಬೀಗಿತ್ತಿ ಸುಭದ್ರಮ್ಮನವರು ಭದ್ರಾವತಿಯಿಂದ ಮಗನ ಬೆರಳಿನ ಅಳತೆಗೆ ನೂಲು ಕಳಿಸಿದ್ದರು. ಅದನ್ನು ಹಿಡಿದು ಗಿರಿಜೆಯ ಜೊತೆ ಅಕ್ಕಸಾಲಿ ಹೊನ್ನಯ್ಯನ ಅಂಗಡಿಗೆ ಹೋದೆ. ಅವನು ನೂಲಿಗೆ ಸರಿಯಾದ ಒಂದು ಹಿತ್ತಾಳೆಯ ಅಳತೆ ಉಂಗುರ ತೆಗೆದುಕೊಟ್ಟ. ಸುಮ್ಮನೆ ಗಿರಿಜೆಯ ಬೆರಳಿಗೆ ಹಾಕಿ ನೋಡಿದರೆ ಅವಳಿಗೇ ಬಿಗಿ! ದಿನವೂ ಲೇತಿನ ಮುಂದೆ ನಿಂತು ಕಬ್ಬಿಣ ಕಡೆಯುವ ಹುಡುಗನ ಬೆರಳು ನಮ್ಮ ಹುಡುಗಿಯ ಬೆರಳಿಗಿಂತ ಸಣ್ಣದೇ? ಹೊನ್ನಯ್ಯ, "ನೂಲು ಹೇಳಿದ್ದು ನಾನು ಕೊಟ್ಟೆ ತಾಯೀ, ಬೆರಳು ನಾನೇನು ಕಂಡಿದೀನಾ" ಎಂದ. ಅದೂ ನಿಜವೇ. ಅವನ ಅಳತೆ ಉಂಗುರಗಳ ಗೊಂಚಲನ್ನೇ ಕೇಳಿ ಪಡೆದು, ಸೆರಗಿನಲ್ಲಿ ಕಟ್ಟಿಕೊಂಡು, ಭಾನುವಾರ ಕಳೆದು ನಿನ್ನೆ ರೈಲಿನಲ್ಲಿ ಭದ್ರಾವತಿಗೆ ಹೊರಟೆ. ಬೀಗರ ಮನೆಗೆ ಹೇಳದೆ ಹೋಗಬಾರದೆಂದು ಅತ್ತೆಯವರು ಬಾಗಿಲವರೆಗೂ ಬಂದು ಹೇಳಿದರು. ಹೋದಮೇಲೆ ಹೇಳುತ್ತೇನೆ ಎಂದು ಹೊರಟೇಬಿಟ್ಟೆ.

ಅಲ್ಲಿ ಕಾಫಿ ಕುಡಿಯುತ್ತ ಕೇಳಿದಾಗ ವಿಷಯ ಹೊರಬಿತ್ತು. ಸುಭದ್ರಮ್ಮನವರು ಅಳತೆ ತೆಗೆದದ್ದು ಬೆಳಿಗ್ಗೆ. ಹುಡುಗ ತಣ್ಣೀರಿನಲ್ಲಿ ಮಿಂದು, ಪೂಜೆ ಮುಗಿಸಿ, ಲಿಂಗವನ್ನು ಆಗತಾನೆ ಕರಡಿಗೆಗೆ ಸೇರಿಸಿದ್ದ. ತಾಯಿ "ಅಂಗೈ ಚಾಚಪ್ಪ" ಎಂದರಂತೆ, ಅವನು ಚಾಚಿದನಂತೆ, ಎಡಗೈ! ನಮ್ಮವರಲ್ಲಿ ಆ ಹೊತ್ತಿಗೆ ಅಂಗೈ ಎಂದರೆ ಲಿಂಗ ಕೂರುವ ಎಡಗೈಯೇ ತಾನೆ, ಇಬ್ಬರಿಗೂ ಬೇರೆ ಯೋಚನೆಯೇ ಬಂದಿಲ್ಲ. ಉಂಗುರ ಹಾಕುವುದು ಬಲಗೈಗೆ. ಕೆಲಸ ಮಾಡುವ ಕೈಯ ಬೆರಳು ಇನ್ನೊಂದಕ್ಕಿಂತ ದಪ್ಪ, ಜೊತೆಗೆ ತಣ್ಣೀರಿಗೆ ಬೆರಳು ಸೊರಗಿರುತ್ತದೆ, ಮೇಲೆ ನೂಲನ್ನು ಎಳೆದು ಕಟ್ಟಿದ್ದಾರೆ. ಇದೇ ಅಳತೆಗೆ ಮಾಡಿಸಿದ್ದರೆ ತುಂಬಿದ ಸಭೆಯಲ್ಲಿ ಉಂಗುರ ಗೆಣ್ಣಿನ ಹತ್ತಿರ ನಿಂತುಬಿಡುತ್ತಿತ್ತು, ನೀವು ತಿರುಚುತ್ತ, ಅವನು ಹಲ್ಲು ಕಚ್ಚುತ್ತ, ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತ! ನಾನೂ ಸುಭದ್ರಮ್ಮನವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಳ್ಳೆಯ ಹೆಂಗಸು. ಗಿರಿಜೆ ಅಲ್ಲಿ ಸುಖವಾಗಿರುತ್ತಾಳೆ.

ಸಂಜೆ ಹುಡುಗ ಕೆಲಸ ಮುಗಿಸಿ ಬರುವವರೆಗೂ ಕಾದೆ. ಮೈ ಬಿಸಿಯಾಗಿರುವಾಗಲೇ ಬಲಗೈ ಹಿಡಿಸಿ, ನೂಲು ಬಿಟ್ಟು, ಗಟ್ಟಿ ಕಾಗದದ ಪಟ್ಟಿ ಸುತ್ತಿ ಎರಡು ಅಳತೆ ತೆಗೆದೆ: ಬೆರಳಿನ ಬುಡದ್ದೊಂದು, ಗೆಣ್ಣಿನದೊಂದು. ಅವನ ಗೆಣ್ಣು ಬುಡಕ್ಕಿಂತ ದಪ್ಪ. ಬುಡದ ಅಳತೆ ನಂಬಿದರೆ ಉಂಗುರ ಒಳಗೆ ಹೋಗದು, ಗೆಣ್ಣಿನದನ್ನೇ ನಂಬಿದರೆ ಹೋಗಿ ಗಿರಗಿರ ತಿರುಗೀತು. ಎರಡರ ನಡುವಿನದನ್ನು ಗೊಂಚಲಿನಲ್ಲಿ ಹುಡುಕಿ ಹಾಕಿದೆ. ಗೆಣ್ಣಿನ ಹತ್ತಿರ ಸ್ವಲ್ಪ ತಡೆದು, ಒಂದು ಸಲ ತಿರುಗಿಸಿದೊಡನೆ ದಾಟಿತು. ಮುಷ್ಟಿ ಕಟ್ಟು ಎಂದೆ, ಒತ್ತಲಿಲ್ಲ. ಕೈ ಕೆಳಗೆ ಮಾಡಿ ಕೊಡವು ಎಂದೆ, ಬೀಳಲಿಲ್ಲ. ಈಗ ತೆಗಿ ಎಂದೆ. ಸೋಪಿಲ್ಲದೆ, ಎಣ್ಣೆಯಿಲ್ಲದೆ, ಹಾಗೇ ಬಂತು. ಆಗ ಹುಡುಗ, "ಇದೇ ಇರ್ಲಿ ಅತ್ತೆ. ಲೇತ್ ಹತ್ರ ಹೋಗೋ ಮುಂಚೆ ದಿನಾ ತೆಗ್ದಿಡ್ತೀನಿ, ಬಂದ್ಮೇಲೆ ಹಾಕ್ಕೊಳ್ತೀನಿ. ಗಿರಿಜಂಗೆ ಬೇಜಾರಾಗುತ್ತೇನೋ ಕೇಳಿ" ಎಂದ. ಮದುವೆಗೆ ಮುಂಚೆಯೇ ಅವಳ ಬೇಜಾರಿನ ಲೆಕ್ಕ ಹಾಕುವ ಅಳಿಯ ನಿಮಗೆ ಸಿಕ್ಕಿದ್ದಾನೆ. ನೀವು ಇಂಥದ್ದನ್ನೆಲ್ಲ ಕೇಳಲು ಹತ್ತು ವರ್ಷ ತೆಗೆದುಕೊಂಡಿರಿ.

ಮನೆಗೆ ಬಂದು ಹೇಳಿದಾಗ ಅತ್ತೆಯವರು ಸಿಡುಕಿದರು. "ದಿನಾ ಬಿಚ್ಚಿಡೋಕೆ ಅದೇನು ಮೆಟ್ಟೇನೆ? ನನ್ನ ಮಗನ ಕೈ ನೋಡು" ಎಂದರು. ಎದುರು ಮನೆಯ ಖಾಜಾ ಪೀರ್ ನಿಮಗೆ ಗೊತ್ತಲ್ಲ, ಲಾರಿ ಓಡಿಸುವವರು. ಹೋದ ಮಳೆಗಾಲದಲ್ಲಿ ಲಾರಿಯ ಹಿಂಬದಿಯಿಂದ ಕೆಳಕ್ಕೆ ಹಾರಿದಾಗ ಅವರ ಉಂಗುರ ಕೊಕ್ಕೆಗೆ ಸಿಕ್ಕಿಕೊಂಡದ್ದು ನೀವು ಕಾರ್ಗಲ್ಲಿಗೆ ಹೋದ ವಾರ. ಅತ್ತೆಯವರು ಹೀಗೆ ಕೂಗಾಡುವಾಗಲೇ ಅವರು ಕೆಮ್ಮಿನ ಔಷಧಿ ಕೊಡಲು ಬಂದರು. ಮಾತು ಕೇಳಿಸಿಕೊಂಡು, ಅರ್ಧ ಬೆರಳಿನ ಕೈ ತೋರಿಸಿ, "ಅಜ್ಜೀ, ನಂದೂ ಭಾಳ ಬಿಗಿ ಇತ್ತು. ಉಂಗುರ ಸಿಕ್ತು, ಬೆರಳು ಸಿಗ್ಲಿಲ್ಲ" ಎಂದರು, ನಗುತ್ತಲೇ. ಅತ್ತೆಯವರು ಔಷಧಿಯ ಶೀಶೆ ಇಸಿದುಕೊಂಡು ಒಳಗೆ ಹೋದರು. ನನಗೆ ನಗು ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಗಾಗಿ ಅಳತೆ ತೀರ್ಮಾನವಾಯಿತು, ಅದನ್ನು ಇನ್ನು ಯಾರೂ ಬದಲಿಸುವಂತಿಲ್ಲ, ನೀವೂ ಸೇರಿ. ಆ ಅಳತೆಯ ಹಿತ್ತಾಳೆ ಉಂಗುರ ಇಂದು ಬೆಳಿಗ್ಗೆಯಿಂದ ಹೊನ್ನಯ್ಯನ ಅಂಗಡಿಯಲ್ಲಿ ಬೇರೆಯಾಗಿ ನೇತಾಡುತ್ತಿದೆ. ಗಿರಿಜೆ ನಮಸ್ಕಾರ ತಿಳಿಸಿದ್ದಾಳೆ, ಬರುವಾಗ ಜೋಗದ ಚಿತ್ರವಿರುವ ಕಾರ್ಡು ಬೇಕಂತೆ. ಅತ್ತೆಯವರ ಆಶೀರ್ವಾದಗಳು. ಬೆಚ್ಚಗೆ ಇರಿ. ಬಸವಣ್ಣ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ,
ದಾಕ್ಷಾಯಣಿ

ತಾ.ಕ.: ಅಂಚೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಬೆರಳಿನ ವಿಷಯ ಮರೆತೆನೆಂದುಕೊಳ್ಳಬೇಡಿ. ನಿನ್ನೆ ಷಡಕ್ಷರಿ ನನ್ನನ್ನು ರೈಲು ಹತ್ತಿಸುವಾಗ ಹೇಳಿದ. ದಸರೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಉಂಗುರದ ಬೆರಳು ಊದಿ ತುದಿ ನೀಲಿಯಾಗಿದ್ದುದನ್ನು ಅವನು ನೋಡಿದ್ದಾನೆ. ಅನ್ನ ಬಿಸಿಯೆಂದು ಅಂದು ನೀವು ಚಮಚ ಕೇಳಿದ್ದು ಯಾಕೆಂದು ನನಗೆ ಈಗ ತಿಳಿಯಿತು. ಭಾನುವಾರ ಮೊದಲ ಬಸ್ಸಿಗೆ ಅವನು ನಿಮ್ಮಲ್ಲಿಗೆ ಬರುತ್ತಾನೆ, ಹೊನ್ನಯ್ಯನ ಸಣ್ಣ ಗರಗಸ ಅವನ ಕೈಯಲ್ಲಿರುತ್ತದೆ. ಇಬ್ಬರೂ ಆಸ್ಪತ್ರೆಗೆ ಹೋಗಿ, ಡಾಕ್ಟರ ಎದುರಿಗೇ ಆ ಉಂಗುರ ಕತ್ತರಿಸಿ ತೆಗೆಸಿ. ಅಪ್ಪ ಹಾಕಿದ್ದು, ಅಪ್ಪ ಈಗಿಲ್ಲ, ಕತ್ತರಿಸಿದರೆ ಇವಳು ಅಳುತ್ತಾಳೆ ಎಂದೇ ನೀವು ನೋವು ನುಂಗಿಕೊಂಡಿದ್ದೀರಿ. ಹೌದು, ಅಳುತ್ತೇನೆ. ಅತ್ತು ಮುಗಿಸುತ್ತೇನೆ. ಚಿನ್ನದ ಚೂರಿಯೆಂದು ಯಾರೂ ಕುತ್ತಿಗೆ ಕುಯ್ದುಕೊಳ್ಳುವುದಿಲ್ಲ. ಅತ್ತೆಯವರ ಬೈಗುಳ ನನಗಿರಲಿ. ತುಂಡಾದ ಚಿನ್ನ ಹುಡುಗನ ಕೈಯಲ್ಲಿ ಕಳಿಸಿ. ಅವನ ಉಂಗುರ ಅದರಿಂದಲೇ ಆಗಬೇಕು, ಬೇರೆ ಚಿನ್ನ ಮುಟ್ಟಬೇಡವೆಂದು ಹೊನ್ನಯ್ಯನಿಗೆ ಹೇಳಿಬಿಟ್ಟಿದ್ದೇನೆ. ನೀವು ಕೈ ಕೊಡದಿದ್ದರೆ ಉಂಗುರವಿಲ್ಲ, ಉಂಗುರವಿಲ್ಲದೆ ನಿಶ್ಚಿತಾರ್ಥವಿಲ್ಲ. ನನಗೆ ತುಂಬ ಭಯವಾಗಿದೆ. ಮಗಳ ಕೈಯನ್ನು ಅಳಿಯನ ಕೈಯಲ್ಲಿ ಇಡುವಾಗ ನಿಮ್ಮ ಹತ್ತೂ ಬೆರಳು ನನಗೆ ಕಾಣಬೇಕು.