ಕೊರಿಯಾದ ಹುಡುಗಿಯ ಸಂಗಡ ಊಟ

ಮೂಡಲಗಿ
೧೮ ನವೆಂಬರ್ ೨೦೨೫

ಪ್ರೀತಿಯ ಪದ್ಮಶ್ರೀ,

ನಿನಗೂ ಕೂಸಿಗೂ ನಿನ್ನ ವೈನಿಯ ಅಕ್ಕರೆಯ ನೆನಪು. ಭಾನುವಾರದಿಂದ ನೀನು ನನ್ನ ಫೋನು ಎತ್ತಿಲ್ಲ. ಸಿಟ್ಟಿನಲ್ಲಿದ್ದೀ, ಗೊತ್ತು. ನಿನ್ನ ಅಣ್ಣ ನಾಳೆ ಹುಕ್ಕೇರಿ ಕಡೆ ಬರುತ್ತಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಹರಿದು ಒಗೆಯುವ ಮೊದಲು ಒಂದು ಸಲ ಪೂರಾ ಓದು.

ಅವತ್ತು ನೀನು ಹೇಳದೆ ಬಂದೆ. ಬಂದವಳೇ ನೋಡಿದ್ದು ಏನು? ನಿನ್ನ ಅವ್ವ ಫೋನಿನ ಮುಂದೆ ತಾಟು ಇಟ್ಟುಕೊಂಡು ಕೂತಿದ್ದರು. ಫೋನಿನಲ್ಲಿ ಪರದೇಶದ ಹುಡುಗಿಯೊಬ್ಬಳು ಕೆಂಪಗಿನ ನೂಡಲ್ಸ್ ತಿನ್ನುತ್ತಿದ್ದಳು. ಅತ್ತೆ ಅವಳಿಗೆ, "ಸಾವಕಾಶ ತಿನ್ನವಾ, ನೆತ್ತಿಗೆ ಹತ್ತೀತು" ಅನ್ನುತ್ತಿದ್ದರು. "ಅವ್ವನ ತಲಿ ಕೆಟ್ಟೈತಿ, ನೀವು ಆಕಿನ್ನ ಫೋನಿಗೆ ಒಪ್ಪಿಸಿ ಆರಾಮ ಅದೀರಿ" ಎಂದು ನೀನು ಅಣ್ಣನ ಮೇಲೆ ಹರಿಹಾಯ್ದೆ. ಬರುವ ವಾರ ಬಂದು ಹುಕ್ಕೇರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೊರಟುಹೋದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಆದರೆ ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಆಷಾಢದಲ್ಲಿ ನಿನ್ನ ದೊಡ್ಡವ್ವ ಉದ್ದವ್ವ ತೀರಿಕೊಂಡ ಮೇಲೆ ಅತ್ತೆ ಊಟ ಬಿಟ್ಟರು. ಒಮ್ಮೆಲೇ ಅಲ್ಲ. ಮೊದಲು ರೊಟ್ಟಿ ಅರ್ಧವಾಯಿತು. ಆಮೇಲೆ ಒಂದು ಚೂರು ಮುರಿದು, ಪಲ್ಲೆಯಲ್ಲಿ ಅದ್ದಿ, ಹಾಗೇ ಕೂತುಬಿಡುತ್ತಿದ್ದರು. ಕೇಳಿದರೆ "ಹಸಿವಿಲ್ಲ" ಎಂಬ ಒಂದೇ ಮಾತು. ಕುಪ್ಪಸಗಳೆಲ್ಲ ಸಡಿಲಾದವು. ಗೋಕಾಕದ ದವಾಖಾನೆಗೆ ಕರೆದೊಯ್ದೆವು. ರಕ್ತ ನೋಡಿದರು, ಹೊಟ್ಟೆ ನೋಡಿದರು, ಏನೂ ರೋಗವಿಲ್ಲ ಎಂದರು. ಬರುವಾಗ ನಿನ್ನ ಅಣ್ಣ ಕರದಂಟು ಕೊಂಡರು. ಅದನ್ನು ಅತ್ತೆ ಓಣಿಯ ಮಕ್ಕಳಿಗೆ ಹಂಚಿ ಕೈತೊಳೆದುಕೊಂಡರು. ನಿನಗೆ ತಿಳಿಸುತ್ತೇನೆ ಎಂದರೆ, "ಹಸಿ ಬಾಣಂತಿ ಅದಾಳ, ಅಳಸಬ್ಯಾಡ್ರಿ" ಎಂದು ನನ್ನಿಂದ ಆಣೆ ಮಾಡಿಸಿಕೊಂಡರು.

ನಮಗೆ ಕಾರಣ ಹೊಳೆಯಲೇ ಇಲ್ಲ ನೋಡು. ಮನೆಮಂದಿಯೆಲ್ಲ ಉಂಡೆದ್ದ ಮೇಲೆ ಉದ್ದವ್ವ, ಅತ್ತೆ, ಅಣ್ಣತಮ್ಮರ ಹೆಂಡಿರಾದ ಈ ಇಬ್ಬರು ನೆಗೆಣ್ಣಿಯರು ಒಲೆಯ ಬಾಜೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ನಗುತ್ತ, ಊರವರ ಸುದ್ದಿ ಆಡುತ್ತ, ತಾಟು ಒಣಗಿದರೂ ಏಳುತ್ತಿರಲಿಲ್ಲ. ಅದು ನಮ್ಮ ಕಣ್ಣಿಗೆ ದಿನದ ಸಂಗತಿ, ಹಾಗಾಗಿ ಅದು ನಿಂತದ್ದು ಯಾರಿಗೂ ಕಾಣಲಿಲ್ಲ.

ಗಣೇಶ ಚೌತಿ ಆದಮೇಲೆ ಒಂದು ದಿನ ನಾನು ಕೆಲಸಕ್ಕೆ ಹೋಗುವ ಬಟ್ಟೆ ಅಂಗಡಿಗೆ ಸೂಟಿ ಇತ್ತು. ಹೆಸರುಕಾಳು ಹಸನು ಮಾಡುತ್ತ ಫೋನು ನೋಡುತ್ತಿದ್ದೆ. ಅತ್ತೆ ಸುಮ್ಮನೆ ಬಂದು ಕೂತರು. ಫೋನಿನಲ್ಲಿ ದುಬೈ ಚಾಕಲೇಟಿನ ವಿಡಿಯೋ ಬಂತು. ಒಳಗೆ ಹುರಿದ ಶ್ಯಾವಿಗೆ ತುಂಬಿರುತ್ತಾರೆ ಎಂದು ಹೇಳಿದೆ. "ಚೊಲೋ ಶಾವಿಗಿ ಹಾಳ ಮಾಡ್ಯಾರ" ಎಂದರು. ತೈವಾನಿನವರು ಚಹಾದೊಳಗೆ ದಪ್ಪ ಸಾಬೂದಾಣಿಯಂಥ ಕರಿ ಉಂಡೆ ಹಾಕಿ ಹೀರುವುದನ್ನು ನೋಡಿ ಮೂಗು ಮುರಿದರು. ಥಾಯ್ಲೆಂಡಿನಲ್ಲಿ ಹುಳು ಕರಿದು ತಿನ್ನುವುದನ್ನು ನೋಡಿದಾಗ, "ತಿನ್ಲಿ ಬಿಡು, ಅವರ ನಾಲಿಗಿ ಅವರದು" ಎಂದು ಸುಮ್ಮನಾದರು.

ಆಮೇಲೆ ಈ ಕೊರಿಯಾದ ಹುಡುಗಿ ಬಂದಳು. ದೊಡ್ಡ ಬೋಗುಣಿಯ ಮುಂದೆ ಒಬ್ಬಳೇ ಕೂತು, ನಮ್ಮ ಕಡೆ ನೋಡುತ್ತ ತಿನ್ನತೊಡಗಿದಳು. ಇದೇನು ಎಂದು ಅತ್ತೆ ಕೇಳಿದರು. ಅಲ್ಲಿ ಒಬ್ಬೊಬ್ಬರೇ ಇರುವ ಮಂದಿ ಬಹಳ, ಒಬ್ಬರೇ ಉಣ್ಣಲು ಬೇಸರವಾಗುತ್ತದೆ, ಅದಕ್ಕೆ ಈಕೆ ಉಣ್ಣುವುದನ್ನು ನೋಡುತ್ತ ತಾವೂ ಉಣ್ಣುತ್ತಾರಂತೆ, ಮುಕ್‌ಬಾಂಗ್ ಅನ್ನುತ್ತಾರಂತೆ ಎಂದೆ.

ಅತ್ತೆ ಫೋನನ್ನು ಹತ್ತಿರ ಎಳೆದುಕೊಂಡರು. ಆಮೇಲೆ, "ಹಂಗಾರ ಯಾರೂ ಕುಂಡ್ರದಿದ್ರ ಈಕಿನೂ ಒಬ್ಬಾಕಿನ ಉಣ್ಣಬೇಕಲ್ಲ" ಎಂದರು. ಎದ್ದು ಹೋಗಿ ಒಂದು ರೊಟ್ಟಿ, ಬದನೆಕಾಯಿ ಪಲ್ಲೆ ತಂದು ಫೋನಿನ ಮುಂದೆ ಕೂತರು. ರೊಟ್ಟಿ ಪೂರಾ ಉಂಡರು, ಪದ್ಮಶ್ರೀ. ನಾನು ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟೆ.

ಅವತ್ತಿನಿಂದ ಮನೆಯಲ್ಲಿದ್ದ ಹಳೆಯ ಫೋನಿನಲ್ಲಿ ದಿನಾ ಆ ಹುಡುಗಿಯ ಸಂಗಡವೇ ಅವರ ಊಟ. ಅವರ ತಲೆ ಕೆಟ್ಟಿಲ್ಲ. ಆ ಹುಡುಗಿಗೆ ನಿಮ್ಮ ಮಾತು ಕೇಳುವುದಿಲ್ಲ, ಗೊತ್ತಲ್ಲ ಎಂದು ಒಮ್ಮೆ ಕೇಳಿದ್ದೆ. "ಗೊತ್ತೈತಿ. ಉದ್ದವ್ವಕ್ಕನ ಜೋಡಿ ಮಾತಾಡ್ಕೋತ ಉಂಡ ಬಾಯಿದು. ಗ್ವಾಡಿ ಮುಂದ ಮಾತಾಡಿದ್ರ ಹುಚ್ಚಿ ಅಂತೀರಿ" ಎಂದರು.

ನೀನು ಹೋದ ಮೇಲೆ ಅವರು ಫೋನು ಮುಟ್ಟಿಲ್ಲ. ಮಗಳ ಮುಂದೆ ನಾಚಿಕೆಯಾಯಿತಂತೆ. ಸೋಮವಾರ ಮತ್ತೆ ಅದೇ ಅರ್ಧ ರೊಟ್ಟಿ. ನನಗೆ ಹೆದರಿಕೆಯಾಯಿತು. ಅಂಗಡಿಯ ಮಾಲೀಕರಾದ ನಾಗರತ್ನಾ ಅಕ್ಕನಿಗೆ ಎಲ್ಲ ಹೇಳಿ, ಇವತ್ತು ಮಧ್ಯಾಹ್ನ ಮನೆಗೆ ಬಂದೆ. ಬುತ್ತಿ ಬಿಚ್ಚಿ ಅತ್ತೆಯ ಬಾಜೂ ನೆಲದ ಮೇಲೆ ಕೂತೆ.

"ಯಾಕವಾ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದರು. ನಿಮ್ಮ ಸಂಗಡ ಉಣ್ಣಲು ಬಂದೆ ಎಂದೆ. ಅವರೂ ತಾಟು ತಂದುಕೊಂಡು ರೊಟ್ಟಿ ಮುರಿದರು. ಆಮೇಲೆ ಅವರೇ, "ಅಂಗಡ್ಯಾಗ ಹೊಸ ಇಳಕಲ್ ಸೀರಿ ಬಂದಾವೇನು?" ಎಂದು ಕೇಳಿದರು. ಬಣ್ಣ ಹೇಳಿದೆ, ಅಂಚು ಹೇಳಿದೆ. ಒಂದು ಸೀರೆಗೆ ಇಬ್ಬರು ಬೀಗತಿಯರು ಜಗ್ಗಾಡಿದ್ದನ್ನು ಹೇಳಿದೆ. ಅತ್ತೆ ನಕ್ಕರು. ನಗುತ್ತಲೇ ಇನ್ನೊಂದು ರೊಟ್ಟಿಗೆ ಕೈಹಾಕಿದರು, ಹಾಕಿದ್ದು ಅವರಿಗೇ ಗೊತ್ತಾಗಲಿಲ್ಲ.

ಅವ್ವನನ್ನು ಕರೆದುಕೊಂಡು ಹೋಗಬೇಡ ಎನ್ನುವುದಿಲ್ಲ. ಅವರು ನಿನಗೆ ಅವ್ವ, ನಿನ್ನ ಹಕ್ಕು. ಕೂಸನ್ನು ಆಡಿಸಿದರೆ ಅವರಿಗೂ ಹಿತ. ಆದರೆ ತಾಟು ಬಡಿಸಿ ಕೊಟ್ಟು ಬೇರೆ ಕೆಲಸಕ್ಕೆ ಹೋಗಬೇಡ. ಬಾಜೂ ಕೂತುಕೋ. ಏನಾದರೂ ಮಾತಾಡು.

ನಿನ್ನ ವೈನಿ,
ಸರಿತಾ

ತಾ.ಕ.: ಆ ಕೊರಿಯಾದ ಹುಡುಗಿ ಅವತ್ತು ತಾನಾಗಿ ಬಂದವಳಲ್ಲ, ನಾನೇ ಹುಡುಕಿ ಹಚ್ಚಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನಾ ನಾನು ಬುತ್ತಿ ಉಣ್ಣುವುದು ಅವಳ ಸಂಗಡವೇ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಯಾರಾದರೂ ನನ್ನ ತಾಟಿಗೆ ತಮ್ಮ ಕೈಯಾರೆ ರೊಟ್ಟಿ ಹಾಕಿ "ಇನ್ನೊಂದು ಉಣ್ಣು" ಅಂದದ್ದು ಇವತ್ತು ಮಧ್ಯಾಹ್ನ ಅತ್ತೆಯೇ ಮೊದಲು. ಕರೆದುಕೊಂಡು ಹೋದರೂ ಅತ್ತೆಯನ್ನು ಬಹಳ ದಿನ ಇಟ್ಟುಕೊಳ್ಳಬೇಡ, ಪದ್ಮಶ್ರೀ.