ಶ್ರುತಿ ಸೇರದ ಆರ್ಗನ್

ಸ್ಯಾನ್ ರಮೋನ್
೧೫ ಅಕ್ಟೋಬರ್ ೨೦೦೦

ಪ್ರೀತಿಯ ಮೈಥಿಲಿಗೆ,

ನಿನ್ನ ಸೌದಾಮಿನಿಯ ನೆನಪುಗಳು. ನಾವಿಲ್ಲಿ ಕ್ಷೇಮ, ನೀವೆಲ್ಲ ಹೇಗಿದ್ದೀರಿ? ನಿನ್ನ ಕಾಗದ ಯುಗಾದಿಗೇ ಬಂದಿತ್ತು, ಉತ್ತರ ಬರೆಯುವಷ್ಟರಲ್ಲಿ ದಸರಾ ಕಳೆಯಿತು. ಬೈದುಕೋ, ಬೇಡ ಎನ್ನುವುದಿಲ್ಲ. ಮನೆಗೊಬ್ಬಳು ಸವತಿ ಬಂದಿದ್ದಳು, ಅವಳ ಸೇವೆಯಲ್ಲೇ ಹೊತ್ತು ಹೋಯಿತು.

ಗಾಬರಿಯಾಗಬೇಡ. ಸವತಿ ಎಂದರೆ ಆರ್ಗನ್. ಇಲ್ಲಿನ ಹಳೆಯ ಪಾರ್ಕೊಂದರಲ್ಲಿ ಮಕ್ಕಳು ಕೂತು ಸುತ್ತುವ ಮರದ ಕುದುರೆಗಳಿವೆ. ಅವು ಸುತ್ತುವಾಗ ನುಡಿಯಲೆಂದು ಬೀರುವಿನಷ್ಟು ದೊಡ್ಡ ಆರ್ಗನ್ ಒಂದಿತ್ತು. ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಿದಿ ತಾನಾಗಿ ಊದಿ, ಮರದ ಕೊಳವೆಗಳು ಹಾಡಬೇಕು. ಇಲಿ ಕಡಿದು ಮೂಕವಾಗಿದ್ದ ಅದನ್ನು ನಮ್ಮ ಯಜಮಾನರು ರಿಪೇರಿಗೆಂದು ಗರಾಜಿಗೆ ತಂದರು. ಚಿಕ್ಕಂದಿನಲ್ಲಿ ಅಪ್ಪನ ಹಾರ್ಮೋನಿಯಂ ಬಿಚ್ಚಿ ಒದೆ ತಿಂದವರಲ್ಲವೇ, ಚಾಳಿ ಹೋಗಿಲ್ಲ. ವಾರವಿಡೀ ಮಿಲ್ಪಿಟಾಸಿನ ಆಫೀಸು, ರಜೆಯೆಲ್ಲ ಅವಳ ಪಾಲಿಗೆ. ತಿದಿಗೆ ಹೊಸ ಚರ್ಮ ಹೊಲಿಸಿದರು, ಕೊಳವೆಗಳ ಬಿರುಕಿಗೆ ಅಂಟು ತುಂಬಿದರು. ಎರಡು ಚಳಿಗಾಲ ಕಾರು ಬೀದಿಯಲ್ಲಿ ನಿಂತಿತು.

ಈ ನಡುವೆ ಇವರ ಕಿವಿ ಮಂದವಾಯಿತು. ದೊಡ್ಡ ಕೊಳವೆಗಳ ನಾದ ಅಂಗೈ ಇಟ್ಟರೆ ತಿಳಿಯುತ್ತದೆ, ಸಣ್ಣವುಗಳದ್ದು ಏನೇನೂ ಇಲ್ಲ. ಆಫೀಸಿನಲ್ಲಿ ಎಲ್ಲ ಈಮೇಲು, ನಡೆದುಹೋಗುತ್ತದೆ. ಮನೆಯಲ್ಲಿ ನನ್ನ ತುಟಿ ನೋಡಿ ಮಾತು ಹಿಡಿಯುತ್ತಾರೆ. ಮಗಳು ಕಾವ್ಯಾಳ ಇಂಗ್ಲಿಷು ಅವರಿಗೆ ಸಿಕ್ಕುವುದಿಲ್ಲ.

ಆಗಸ್ಟಿನಲ್ಲಿ ಆರ್ಗನ್ ಪಾರ್ಕಿಗೆ ಮರಳಿತು. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಗೆ ನುಡಿದರೆ ಸರಿ, ಇಲ್ಲದಿದ್ದರೆ ಸ್ಪೀಕರು ಹಾಕಿಸಿ ಇದನ್ನು ಮಾರುತ್ತೇನೆ ಎಂದು ಪಾರ್ಕಿನ ಮ್ಯಾನೇಜರು ಮೊದಲೇ ಹೇಳಿದ್ದ. ಗೇಟು ತೆರೆಯುವ ಮುಂಚೆ ನಾವು ಮೂವರೇ ಹೋದೆವು.

"ಮಷೀನ್ ಇಟ್ಟು ಒಂದೊಂದೇ ಟ್ಯೂನ್ ಮಾಡಿದೀನಿ ಕಣೇ. ಆದ್ರೆ ಎಲ್ಲಾ ಒಟ್ಟಿಗೆ ನುಡಿದಾಗ ಹೇಗಿರುತ್ತೋ ನಂಗೆ ಗೊತ್ತಾಗಲ್ಲ. ನಿನ್ನ ಕಿವಿ ಪಳಗಿದ್ದು. ನೀನು ಹೂಂ ಅಂದ್ರೆ ಮುಗೀತು" ಎಂದು ಸುರುಳಿ ಹಾಕಿದರು.

ನುಡಿಯಿತು ಮೈಥಿಲಿ. ಎಷ್ಟು ಚೆನ್ನಾಗಿ ನುಡಿಯಿತೆಂದರೆ ನನಗೆ ಅಳು ಬಂತು. ನನ್ನ ಕಣ್ಣೀರು ಕಂಡು ಇವರು ಹೆದರಿದರು, ನನ್ನ ಬಾಯನ್ನೇ ನೋಡುತ್ತ ನಿಂತರು.

"ಶ್ರುತಿ ಸೇರ್ತಿಲ್ಲ" ಎಂದೆ.

"ಮಾಮ್! ಇಟ್ ಸೌಂಡ್ಸ್ ಬ್ಯೂಟಿಫುಲ್!" ಎಂದಳು ಕಾವ್ಯಾ.

"ಏನಂತಾಳೆ?"

"ಅವಳಿಗೂ ಹಾಗೇ ಅನ್ನಿಸ್ತಂತೆ" ಎಂದು ಅವಳ ಕೈ ಹಿಂಡಿದೆ.

ಇವರು ಅಲ್ಲೇ ಸ್ವಿಚ್ಚು ಆರಿಸಿದರು. ಅಪಸ್ವರವನ್ನು ಮಕ್ಕಳಿಗೆ ಕೇಳಿಸಲಾರೆನೆಂದು ತಾವೇ ಮ್ಯಾನೇಜರಿಗೆ ಹೇಳಿ, ಇನ್ನಷ್ಟು ಸಮಯ ಬೇಡಿಕೊಂಡರು. ಅವನು ಒಪ್ಪಲಿಲ್ಲ. ಈಗ ಅಲ್ಲಿ ಸ್ಪೀಕರು ಹಾಡುತ್ತಿದೆ. ಆರ್ಗನ್ನನ್ನು ಇಂಟರ್ನೆಟ್ಟಿನಲ್ಲಿ ಆಟಿಕೆ ಮಾರುವ ಕಂಪನಿಯೊಂದು ಲಾಬಿಯ ಅಲಂಕಾರಕ್ಕೆಂದು ಕೊಂಡಿತು. ಕೊಳವೆ, ತಿದಿ ಎಲ್ಲ ಕಿತ್ತೆಸೆದು ಹೊಟ್ಟೆಯಲ್ಲೊಂದು ಟೀವಿ ಕೂಡಿಸಿದ್ದಾರೆ. ನೋಡಿ ಬರೋಣ ಬನ್ನಿ ಎಂದು ನಾನೇ ಇವರನ್ನು ಕರೆದುಕೊಂಡು ಹೋದೆ. ಮರದ ಮೇಲೆ ಕೈಯಾಡಿಸಿ ಹೊರಬಂದರು. ಕಾರಿನಲ್ಲಿ ಕೂತ ಮೇಲೆ "ತಪ್ಪು ನಂದೇ" ಎಂದರು. ಕಾವ್ಯಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅಪ್ಪ ಇನ್ನೊಮ್ಮೆ ಕುಸಿದಾರೆಂದು ನಿಜವನ್ನು ಅವರಿಗೂ ಹೇಳಿಲ್ಲ.

ನಿನ್ನ ಮೊಮ್ಮಗುವಿಗೆ ನನ್ನ ಆಶೀರ್ವಾದ. ಆಯಸ್ಸು, ಆರೋಗ್ಯದ ಜೊತೆಗೆ ನಿನ್ನ ಕಂಠವೂ ಅವಳಿಗೆ ಬರಲಿ.

ನಿನ್ನ
ಸೌದಾಮಿನಿ

ತಾ.ಕ.: ಈಗಲೂ ಹಾಡುತ್ತೀಯಾ ಎಂದು ನೀನು ಕೇಳಿದ್ದೆ. ಇಲ್ಲಿಗೆ ಬಂದ ಮೊದಲ ಗೌರಿಹಬ್ಬದಂದು ಮನೆ ತುಂಬ ಜನರ ಮುಂದೆ ಹಾಡಿದ್ದೆ. ಇವರು ನಡುವೆಯೇ ತಡೆದು "ಶ್ರುತಿ ಸೇರ್ತಿಲ್ಲ, ನಿಲ್ಸೇ" ಎಂದರು. ಎಲ್ಲರೂ ನಕ್ಕರು. ಅಂದು ಮುಚ್ಚಿದ ಬಾಯಿ. ಇವರಿಗೆ ಅದು ನೆನಪೂ ಇಲ್ಲ, ಅದೇ ನನ್ನ ಹೊಟ್ಟೆಯುರಿ. ನಿನ್ನೆ ಊಟಕ್ಕೆ ಕೂತವರ ಬೆನ್ನ ಹಿಂದೆ ನಿಂತು, ನಾವಿಬ್ಬರೂ ಕಲಿತ ಕಲ್ಯಾಣಿಯನ್ನು ಗಂಟಲು ಬಿಚ್ಚಿ ಹಾಡಿದೆ. ಕಂಠ ಹಾಗೇ ಇದೆ ಕಣೇ, ಶ್ರುತಿ ಕೂದಲೆಳೆಯಷ್ಟೂ ತಪ್ಪಿಲ್ಲ. ತಿರುಗಿ ನೋಡುತ್ತಾರೇನೋ ಎಂದು ಕೊನೆಯವರೆಗೂ ಕಾದೆ. ಇವರು ತಟ್ಟೆ ನೋಡುತ್ತಲೇ "ಸ್ವಲ್ಪ ಮಜ್ಜಿಗೆ ಹಾಕ್ತೀಯಾ" ಎಂದರು.