ಕೈ ಮುಗಿದವರಿಗೆ ನಿಲ್ಲದ ರೈಲು

ದ್ವೀಪದ ರೈಲ್ವೆಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ರೈಲು ನನ್ನ ಅಜ್ಜಿಯನ್ನು ಹತ್ತಿಸಿಕೊಳ್ಳದೆ ಹೋಯಿತು. ಅದರಿಂದ ಅವಳಿಗೆ ಮಗನ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ಜರ್ಮನ್ ಭಾಷೆಯಲ್ಲಿ ಆಗಲೇ ಬರೆದಿದ್ದೆ. ಚಾಲಕ ನಿಯಮದಂತೆಯೇ ನಡೆದುಕೊಂಡಿದ್ದಾನೆ ಎಂದು ತಾವು ಉತ್ತರಿಸಿದಿರಿ. ಜೊತೆಗೆ ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ ಬಣ್ಣದ ಬ್ರೋಷರ್ ಒಂದನ್ನೂ ಕಳಿಸಿದಿರಿ. ಮುಂದಿನ ಬೇಸಿಗೆಗೆ ನಾವು ಮತ್ತೆ ಬರಬೇಕಂತೆ. ಅದಕ್ಕೇ ಈ ಸಲ ಕನ್ನಡದಲ್ಲಿ, ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದನ್ನು ನೀವು ಓದಲಾರಿರಿ, ಗೊತ್ತು. ಜರ್ಮನ್‌ನಲ್ಲಿ ಬರೆದಾಗ ಓದಿದಿರಿ ಎನ್ನುವುದಕ್ಕೂ ನನ್ನ ಬಳಿ ಪುರಾವೆಯಿಲ್ಲ.

ನಾನು ಶಾಲೆ ಬಿಟ್ಟವನು. ಒಂದು ಗೋದಾಮಿನಲ್ಲಿ ಪಾರ್ಸೆಲ್ ಕಟ್ಟುತ್ತೇನೆ, ಅಲ್ಲಿಯೂ ಹೆಚ್ಚು ದಿನ ನಿಲ್ಲುವವನಲ್ಲ. ನನ್ನ ಅಪ್ಪ ದುಂಡಪ್ಪ ಹಾಗಲ್ಲ. ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ಕರೆಸಿಕೊಂಡ ಮೊದಮೊದಲಿನ ಇಂಜಿನಿಯರುಗಳಲ್ಲಿ ಅವನೂ ಒಬ್ಬ. ಬಾಗಲಕೋಟೆಯಿಂದ ಶ್ವೀಬರ್ಡಿಂಗೆನ್‌ಗೆ ಬಂದು, ಕಾರಿನ ಬ್ರೇಕಿಗೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹೇಳಿಕೊಡುವ ಪ್ರೋಗ್ರಾಮ್ ಬರೆಯುತ್ತಿದ್ದ. ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಕಡಲ ಗಾಳಿ ಒಳ್ಳೆಯದೆಂದು ವೈದ್ಯರು ನಿಮ್ಮ ದ್ವೀಪದ ಕ್ಲಿನಿಕ್ಕಿಗೆ ಕಳಿಸಿದರು. ಮಗನನ್ನು ನೋಡಲೆಂದು ಅಜ್ಜಿ ಗುರವ್ವ ಊರಿನಿಂದ ಬಂದಳು. ಅವನನ್ನು ಈ ವಾರ ಮನೆಗೆ ಬಿಡುತ್ತಾರೆ, ಮುಂದಿನ ವಾರ ಬಿಡುತ್ತಾರೆ ಎಂದು ಕಾಯುವುದರಲ್ಲೇ ಅವಳ ವೀಸಾ ಮುಗಿಯುತ್ತ ಬಂತು. ವಿಮಾನ ಹತ್ತುವ ಹಿಂದಿನ ದಿನ, ಒಂದು ಭಾನುವಾರ, ನಾವೇ ಹೊರಟೆವು. ಜೊತೆಗೆ ರವಿಶಂಕರ ಬಂದ. ಮೈಸೂರಿನವನು, ಎಷ್‌ಬಾರ್ನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದವನು.

ನಿಮ್ಮ ದ್ವೀಪದಲ್ಲಿ ಕಾರುಗಳಿಲ್ಲ. ಅದನ್ನು ಬ್ರೋಷರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ಹಡಗು ಬರುವುದು ಸಮುದ್ರದ ಉಬ್ಬರ ನೋಡಿಕೊಂಡು, ರೈಲು ಓಡುವುದು ಹಡಗು ನೋಡಿಕೊಂಡು. ಹಡಗಿನಿಂದ ಇಳಿದ ಪ್ರವಾಸಿಗರೆಲ್ಲ ಬ್ಯಾಂಡು ಬಾರಿಸುವ ಪೇಟೆಯ ಕಡೆಗೆ ದೊಡ್ಡ ರೈಲಿನಲ್ಲಿ ಹೋದರು. ಕ್ಲಿನಿಕ್ಕಿಗೆ ಹೋಗುವವರು ಬಂದರಿನ ಪಕ್ಕದ ಪುಟ್ಟ ಹಾಲ್ಟಿನಲ್ಲಿ ನಿಲ್ಲಬೇಕು. ಒಂದೇ ಡಬ್ಬಿಯ ಗಾಡಿ ಪೇಟೆಯಿಂದ ಬಂದು, ಹಾಲ್ಟನ್ನು ಹಾದು ಪಶ್ಚಿಮದ ತುದಿಗೆ ಹೋಗುತ್ತದೆ. ನಾವು ನಿಂತೆವು. ಒಂದು ಬೆಂಚು, ನಿಲ್ದಾಣದ ಹೆಸರು, ಒಂದೆರಡು ಫಲಕ, ಸುತ್ತ ಮರಳು. ಬೇರೇನೂ ಇರಲಿಲ್ಲ.

ಗಾಡಿ ತಿರುವಿನಲ್ಲಿ ಕಾಣಿಸಿಕೊಂಡಿತು. ಆಗ ಅಜ್ಜಿ ಕೈ ಎತ್ತಿದಳು.

ದಯವಿಟ್ಟು ಈ ಮಾತನ್ನು ಗಮನಿಸಿ. ಅವಳು ಕೈ ಎತ್ತಿದಳು. ಬದುಕಿಡೀ ಅವಳು ಹಾಗೆಯೇ ಗಾಡಿ ನಿಲ್ಲಿಸಿದವಳು: ಸರ್ಕಾರಿ ಬಸ್ಸು, ಟೆಂಪೊ, ಸಕ್ಕರೆ ಕಾರ್ಖಾನೆಯ ಟ್ರ್ಯಾಕ್ಟರು. ರವಿಶಂಕರ ನಕ್ಕು ಅವಳ ಮೊಣಕೈ ಹಿಡಿದ.

"ಅಜ್ಜೀ, ಕೈ ಇಳಿಸಿ. ಇದೇನು ಬಾಗಲಕೋಟೆ ಬಸ್ಸಾ? ಇದು ಜರ್ಮನಿ. ಸ್ಟಾಪ್ ಬಂದ್ರೆ ಅದೇ ನಿಲ್ಲತ್ತೆ."

"ಕೈ ಮಾಡ್ಲಿಲ್ಲಂದ್ರ ಅಂವಗ ಹೆಂಗ ಗೊತ್ತಾಗಬೇಕೊ ತಮ್ಮಾ?"

"ಎಲ್ಲಾ ಸಿಸ್ಟಮ್ ಅಜ್ಜೀ. ಹಿಂಗೆಲ್ಲ ಕೈ ಬೀಸಿದ್ರೆ ನಮ್ಮನ್ನ ಹಳ್ಳಿಗುಗ್ಗು ಅಂದ್ಕೋತಾರೆ."

ಈ ದೇಶಕ್ಕೆ ಬಂದ ನಮಗೆಲ್ಲ ಮೊದಲು ಕಲಿಸುವ ಪಾಠವೇ ಅದು. ಗೆರೆಯ ಹಿಂದೆ ನಿಲ್ಲು, ಕೂಗಬೇಡ, ಕೈ ಆಡಿಸಬೇಡ. ಅಜ್ಜಿಗೆ ಮುಜುಗರವಾಯಿತು. ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆ? ಇನ್ನೊಂದು ಕೈಯನ್ನೂ ಕೂಡಿಸಿ ಬರುವ ಗಾಡಿಗೆ ನಮಸ್ಕಾರ ಮಾಡಿದಳು. ನಿಮ್ಮ ಚಾಲಕ ಅವಳನ್ನು ಕಂಡ. ಕಾಣಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಅವನು ನಕ್ಕು, ಟೋಪಿ ಮುಟ್ಟಿ, ಎರಡು ಸಲ ಹಾರ್ನ್ ಹೊಡೆದು ಪ್ರತಿವಂದನೆ ಸಲ್ಲಿಸಿದ. ಗಾಡಿ ನಮ್ಮ ಮುಂದೆಯೇ ಹಾದು ಹೋಯಿತು.

ರವಿಶಂಕರ ಹಿಂದೆ ಓಡಿದ. ಆಮೇಲೆ ಬಂದರಿನ ಟಿಕೆಟ್ ಕಿಟಕಿಗೆ ಓಡಿದ. ಅಲ್ಲಿನ ಹೆಂಗಸು ಮರುಕದಿಂದಲೇ ವಿವರಿಸಿದಳು: ಅಲ್ಲಿ ಕೈ ಬೀಸಿದವರಿಗೆ ಮಾತ್ರ ಗಾಡಿ ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ, ಗಾಡಿಯ ಫೋಟೊ ತೆಗೆಯಲು ದಿನವೂ ಎಷ್ಟೋ ಜನ ಅಲ್ಲಿ ನಿಂತಿರುತ್ತಾರೆ, ಅವರಿಗೆಲ್ಲ ನಿಲ್ಲಿಸಲಾಗುವುದಿಲ್ಲ. ಮುಂದಿನ ಗಾಡಿ ಯಾವಾಗ ಎಂದು ಕೇಳಿದೆವು. ನಮ್ಮ ಹಡಗು ಹೊರಟ ಮೇಲೆ.

ಸ್ವಾಮಿ, ಈ ಎಲ್ಲರಿಗೂ ಎನ್ನುವವರು ಯಾರು? ಇಂಜಿನಿಯರುಗಳು ಬೇಕಾದಾಗ ನಮ್ಮ ಊರುಗಳ ವಿಳಾಸ ಹುಡುಕಿ ಕರೆಸಿಕೊಂಡ ದೇಶಕ್ಕೆ, ಅವರನ್ನು ನೋಡಲು ಅವರ ತಾಯಂದಿರೂ ಬಂದಾರು ಎಂದು ಹೊಳೆಯಲಿಲ್ಲವೆ? ಆ ಹಾಲ್ಟಿನಲ್ಲಿ ನಾಯಿಯ ಹೇಲು ಎತ್ತಿ ಎನ್ನುವುದಕ್ಕೆ ಚಿತ್ರವಿರುವ ಫಲಕವಿದೆ. ಮರಳುದಿಬ್ಬದ ಹುಲ್ಲು ತುಳಿಯಬೇಡಿ ಎನ್ನುವುದಕ್ಕೂ ಇದೆ. ಮನುಷ್ಯರು ರೈಲು ಹತ್ತುವುದು ಹೇಗೆ ಎನ್ನುವುದಕ್ಕೆ ಮಾತ್ರ ಬಣ್ಣ ಸಾಲಲಿಲ್ಲವೆ?

"ನಡದಽ ಹೋಗೂಣು ನಡೀರಿ," ಎಂದಳು ಅಜ್ಜಿ. ಹೊರಟೆವು. ಮರಳಿನಲ್ಲಿ ಅವಳ ಮೊಣಕಾಲು ನಿಲ್ಲಲಿಲ್ಲ. ಹೊತ್ತುಕೊಳ್ಳುತ್ತೇನೆ ಎಂದೆ, ಸ್ವಲ್ಪ ದೂರ ಹೊತ್ತುಕೊಂಡೂ ಹೋದೆ. ಕ್ಲಿನಿಕ್ಕಿನ ಚಾವಣಿ ಕಾಣುತ್ತಿತ್ತು, ಹತ್ತಿರವಾಗುತ್ತಿರಲಿಲ್ಲ. ಹಡಗು ತಪ್ಪಿದರೆ ತಪ್ಪಲಿ, ಇಲ್ಲೇ ಉಳಿಯೋಣ ಎಂದೆ. ಅವಳೇ ಬೇಡವೆಂದಳು. ವೀಸಾ ಮುಗಿದ ಮೇಲೆ ಒಂದು ದಿನ ನಿಂತರೂ ಮಗನ ನೌಕರಿಗೆ ಕುತ್ತು ಎಂದು ಯಾರೋ ಅವಳ ತಲೆಯಲ್ಲಿ ತುಂಬಿದ್ದರು. ನಾನು ಎಷ್ಟು ಜಗಳವಾಡಿದರೂ ಅದು ಹೋಗಲಿಲ್ಲ.

ಅರ್ಧದಾರಿಯಿಂದ ಹಿಂತಿರುಗಿ ಬಂದರಿನ ಫೋನಿನಿಂದ ಕ್ಲಿನಿಕ್ಕಿಗೆ ಕರೆ ಮಾಡಿದೆವು. ಅಪ್ಪನನ್ನು ಕರೆದರು.

"ಅವ್ವಾ, ನಾ ಟೇಸನ್ನಿಗೆ ಬಂದು ನಿಂತಿದ್ದೆ. ಗಾಡಿ ಖಾಲಿ ಬಂತಲ್ಲ?"

"ಹ್ಞೂ ಯಪ್ಪಾ, ನಮಗ ನಿಲ್ಲಲಿಲ್ಲದು. ಊಟ ಆತೇನು?"

"ಆತು. ನಿಂದು?"

"ನಿನಗ ಅಂತ ಎಳ್ಳ ಹೋಳಿಗಿ ಮಾಡ್ಕೊಂಡು ಬಂದಿದ್ದೆ. ಇಲ್ಲೆ ಟಿಕೀಟ್ ಕೊಡೂ ಅಕ್ಕನ ಕಡೆ ಕೊಟ್ಟಿರ್ತೀನಿ, ಸಂಜಿ ಗಾಡಿಗೆ ಕಳಸ್ತಾಳಂತ. ಥಂಡ್ಯಾಗ ಹೊರಗ ನಿಂದ್ರಬ್ಯಾಡ."

ಅಪ್ಪನಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೂ ಅಜ್ಜಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಳು. ಹೋಳಿಗೆ ತಲುಪಿತು ಎಂದು ಮರುದಿನ ಅಪ್ಪ ಹೇಳಿದ. ನಿಮ್ಮ ಗಾಡಿ ಅದನ್ನು ಸುರಕ್ಷಿತವಾಗಿ ಒಯ್ದಿತ್ತು, ಅದಕ್ಕೆ ವಂದನೆ. ಎಲೆಗಳು ಹಣ್ಣಾಗುವ ಹೊತ್ತಿಗೆ ಅಪ್ಪ ಅದೇ ಕ್ಲಿನಿಕ್ಕಿನಲ್ಲಿ ತೀರಿಕೊಂಡ. ರವಿಶಂಕರ ಈಗ ನಮ್ಮ ಮನೆಗೆ ಬರುವುದಿಲ್ಲ. ಬಾರೋ ಮಾರಾಯಾ, ನಿನ್ನ ತಪ್ಪಲ್ಲ ಎಂದು ಫೋನಿನಲ್ಲಿ ಹೇಳಿದೆ. "ನಾನೇ ಕಣೋ ಆ ಕೈ ಇಳಿಸಿದ್ದು," ಎಂದು ಇಟ್ಟುಬಿಟ್ಟ.

ನಿಮಗೆ ಹೀಗೆ ಬರೆಯುತ್ತೇನೆಂದು ಅಜ್ಜಿಗೆ ತಿಳಿಸಿದಾಗ ಅವಳಿಗೆ ಗಾಬರಿಯಾಯಿತು. "ಆ ಡ್ರೈವರನ ನೌಕರಿ ತಗಸಬ್ಯಾಡ್ರಿ ಅಂತ ಬರಿ. ನಕ್ಕೋತ ಹ್ವಾದ ಪಾಪ. ಅಂವಗೂ ತಾಯಿ ಇರ್ತಾಳ." ಬರೆದಿದ್ದೇನೆ. ಅವನನ್ನು ಏನೂ ಮಾಡಬೇಡಿ.

ನನ್ನ ಬೇಡಿಕೆ ಒಂದೇ. ಆ ಹಾಲ್ಟಿನಲ್ಲಿ ಒಂದು ಫಲಕ ಹಾಕಿಸಿ. ಅದರ ಮೇಲೆ ಅಕ್ಷರ ಬೇಡ, ಯಾವ ಭಾಷೆಯೂ ಬೇಡ. ರೈಲಿಗೆ ಕೈ ಎತ್ತಿದ ಒಬ್ಬ ಮುದುಕಿಯ ಚಿತ್ರ ಸಾಕು. ಎಷ್ಟು ಎತ್ತರದಲ್ಲಿ ಹಾಕಬೇಕೆಂದು ಕೇಳಿದರೆ ನಾನೇ ಬಂದು ತೋರಿಸುತ್ತೇನೆ. ಅವಳು ನನ್ನ ಭುಜದಷ್ಟು ಎತ್ತರವಿದ್ದಾಳೆ.

ಇಂತಿ,
ನಿಮ್ಮ ಖಾಲಿ ಗಾಡಿಯಲ್ಲಿ ಇರಬೇಕಾಗಿದ್ದವರಲ್ಲಿ ಒಬ್ಬ,
ಸುನಿಲಕುಮಾರ ದುಂಡಪ್ಪ
ಶ್ವೀಬರ್ಡಿಂಗೆನ್